ಅಜ್ಜಿಯ ಮೂಳೆ ಒಪ್ಪಿದ್ದು

ಮೂರನೆಯ ದಿನ ಬೆಳಗ್ಗೆ ಬೂದಿ ಆರಿತ್ತು. ಚಿಕ್ಕಪ್ಪ ಹಾಲು, ನೀರು ಚಿಮುಕಿಸಿ ಕಾಲಿನ ಕಡೆಯಿಂದ ಎಲುಬು ಆಯಲು ಶುರುಮಾಡಿದರು. ಸುಟ್ಟ ಮೂಳೆ ಅಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ. ಹೊಸ ಮಡಕೆಗೆ ಹಾಕಿದರೆ ಒಣಗಿದ ರಾಗಿಹುಲ್ಲು ಮುರಿದಷ್ಟೇ ಸದ್ದು. ಸೊಂಟದ ಜಾಗಕ್ಕೆ ಬಂದಾಗ ಅವರ ಕೈಗೆ ಭಾರದ್ದೇನೋ ಸಿಕ್ಕಿತು. ಬೂದಿ ಕೊಡವಿ ಮೇಲೆತ್ತಿದರು. ಗೇಣಿಗೆ ತುಸು ಕಮ್ಮಿ ಉದ್ದದ, ತುದಿಯತ್ತ ಸಣ್ಣಗಾಗುತ್ತ ಹೋದ ಲೋಹದ ಗೂಟ. ಅದರ ತಲೆಯ ಮೇಲೆ ದೊಡ್ಡ ಗೋಲಿಯಂಥ ಗುಂಡು. ಪಕ್ಕದಲ್ಲೇ ಮಗುಚಿ ಬಿದ್ದ ಒಂದು ಪುಟ್ಟ ಬಟ್ಟಲು.

ಚಿಕ್ಕಪ್ಪ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನನ್ನ ಮುಖ ನೋಡಿದರು. "ಇದೇನ್ ಮಾಡದು ಮಗ? ಇದು ಅವ್ವಂದಲ್ವಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಆರು ವರ್ಷದ ಹಿಂದೆ ಅಜ್ಜಿಯೇ ಕೇಳಿದ್ದ ಇನ್ನೊಂದು ಪ್ರಶ್ನೆ.

ಚನ್ನಪಟ್ಟಣದ ಆಚೆ ನಮ್ಮೂರು. ಅಜ್ಜಿಗಿದ್ದದ್ದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳದ ಮನೆ. ಬೆಳೆ ಇಳಿಸಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ ಹುಳದ ಮನೆ ತೊಳೆಯುವುದು ರೂಢಿ. ಹಾಗೆ ತೊಳೆಯುವಾಗ ಜಾರಿದಳು. ತೊಡೆಮೂಳೆಯ ಕುತ್ತಿಗೆ ಮುರಿದಿತ್ತು. ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಮೇಜಿನ ಡ್ರಾಯರಿನಿಂದ ಅಂಥದ್ದೇ ಒಂದು ಗೂಟ ತೆಗೆದು ಅವಳ ಕೈಗಿತ್ತರು. "ಸಿಮೆಂಟ್ ಹಾಕಲ್ಲ ಅಜ್ಜಿ. ನಿಮ್ಮ ಮೂಳೆ ಇನ್ನೂ ಗಟ್ಟಿಯಾಗಿದೆ. ಇದನ್ನ ಬಿಗಿಯಾಗಿ ಕೂರಿಸ್ತೀವಿ, ಆಮೇಲೆ ಮೂಳೆನೇ ಬೆಳೆದು ಹಿಡ್ಕೊಳ್ಳುತ್ತೆ." ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಗೂಟದ ಮೇಲ್ಭಾಗ ನುಣುಪಾಗಿರಲಿಲ್ಲ. ಮರಳು ಕಾಗದದ ಹಾಗೆ ತರಿತರಿಯಾಗಿತ್ತು. ಅದನ್ನು ಹೆಬ್ಬೆರಳಲ್ಲಿ ಉಜ್ಜಿ ಕೇಳಿದಳು: "ಅದು ಹಿಡ್ಕಬೇಕು ಅಂದ್ರೆ ನನ್ ಮೂಳೆ ಒಪ್ಬೇಕಲ್ಲ ಸ್ವಾಮಿ?"

ಡಾಕ್ಟರು ನಕ್ಕು, "ಒಪ್ಪುತ್ತೆ ಬಿಡಿ" ಅಂದರು. ಯಾಕೆ ಒಪ್ಪುತ್ತದೆ ಎಂದು ವಿವರಿಸಲು ಅವರಿಗೆ ಪುರಸೊತ್ತಿರಲಿಲ್ಲ, ಹೊರಗೆ ಜನ ಕಾದಿದ್ದರು. ಪ್ರಶ್ನೆ ಮಾತ್ರ ನನ್ನ ಜೊತೆ ಬಸ್ಸು ಹತ್ತಿ ಮನೆಗೆ ಬಂತು. ಬೆಳೆಯುತ್ತ ನಾನು ಓದಿದ್ದು ಬೇರೆ, ಹೊಟ್ಟೆಪಾಡಿಗೆ ಮಾಡುವುದು ಬೇರೆ. ಆದರೂ ಈ ಆರು ವರ್ಷ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದು ಆ ಒಂದು ಮಾತಿಗೆ ಜವಾಬು ಹುಡುಕಿಕೊಂಡೇ.

ಯೋಚಿಸಿ ನೋಡಿ. ಹಿಮ್ಮಡಿಗೆ ಒಂದು ಜಾಲಿಮುಳ್ಳು ಚುಚ್ಚಿ ಮುರಿದರೆ ಮೈ ಅದನ್ನು ಒಂದು ವಾರ ಸಹಿಸುವುದಿಲ್ಲ. ಸುತ್ತ ಕೆಂಪಾಗಿ, ಬಾತು, ಕೀವು ತುಂಬಿ, ಕೊನೆಗೆ ಮುಳ್ಳನ್ನು ಹೊರಗೆ ನೂಕಿಯೇ ತಣ್ಣಗಾಗುತ್ತದೆ. ಕಸವಾದರೂ ಮುಳ್ಳು ಒಂದು ಗಿಡದ್ದು, ಜೀವ ಇದ್ದದ್ದು. ಅದನ್ನೇ ಒಲ್ಲದ ಮೈ ಗೇಣುದ್ದದ ಲೋಹವನ್ನು ಮೂಳೆಯ ನಡುವೆ ಇಟ್ಟುಕೊಂಡು ಸುಮ್ಮನಿರುವುದು ಹೇಗೆ? ಬರೀ ಸುಮ್ಮನಿರುವುದಲ್ಲ, ಅದರ ಮೇಲೆ ಭಾರ ಹಾಕಿ ನಡೆಯುವುದು, ತಲೆಯ ಮೇಲೆ ಸೊಪ್ಪಿನ ಹೊರೆ ಹೊರುವುದು?

ಇದಕ್ಕೆ ಮೊದಲ ಸುಳಿವು ಸಿಕ್ಕಿದ್ದು ಯಾರೂ ಅದನ್ನು ಹುಡುಕದೆ ಇದ್ದಾಗ. 1952ರಲ್ಲಿ ಸ್ವೀಡನ್ನಿನ ಲುಂಡ್ ಎಂಬ ಊರಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯ ಮೊಲದ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಬೇಕೆಂದಿದ್ದ. ಕಿಟಕಿಯಂಥ ಒಂದು ಪುಟ್ಟ ಟೈಟೇನಿಯಂ ಚೌಕಟ್ಟು ಮಾಡಿಸಿ ಮೊಲದ ಕಾಲಿನ ಮೂಳೆಗೆ ಕೂರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಕೆಲಸ ಮುಗಿದ ಮೇಲೆ ಚೌಕಟ್ಟನ್ನು ಬಿಚ್ಚಿ ಇನ್ನೊಂದು ಮೊಲಕ್ಕೆ ಬಳಸಬೇಕು, ದುಬಾರಿ ಸಾಮಾನು. ಬಿಚ್ಚಲು ಹೋದರೆ ಬರಲೇ ಇಲ್ಲ. ಮೂಳೆ ಅದನ್ನು ತನ್ನದಾಗಿಸಿಕೊಂಡಿತ್ತು. ಸಿಟ್ಟು ಮಾಡಿಕೊಂಡು ಇಕ್ಕಳ ಹುಡುಕಬೇಕಾದ ಗಳಿಗೆಯಲ್ಲಿ ಆತ ಬೆರಗಾದ. ನನಗೆ ಆ ಮನುಷ್ಯನ ಮೇಲೆ ಗೌರವ ಇರುವುದು ಇದಕ್ಕೇ. ಕಿತ್ತುಬಾರದ್ದನ್ನು ಕಂಡು ಬೈದುಕೊಂಡು ಸುಮ್ಮನಾದವರು ಅವನಿಗಿಂತ ಮುಂಚೆ ಎಷ್ಟು ಜನ ಇದ್ದರೋ. ಮುಂದೆ 1965ರಲ್ಲಿ ಯೋಥೆಬೊರಿಯಲ್ಲಿ ಮೊದಲ ಸಲ ಮನುಷ್ಯನೊಬ್ಬನ ದವಡೆಗೆ ಟೈಟೇನಿಯಂ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟಿದ. ಆ ಮನುಷ್ಯ ಅದೇ ತಿರುಪುಗಳ ಮೇಲೆ 40 ವರ್ಷ ಉಂಡ.

ಹಾಗಾದರೆ ಟೈಟೇನಿಯಂ ಮೂಳೆಗೆ ಪ್ರಿಯವಾದ ಲೋಹವೆ? ಇಲ್ಲಿಯೇ ನನಗೆ ಮೊದಲು ಮೈ ಜುಮ್ಮೆಂದದ್ದು. ಮೂಳೆ ಟೈಟೇನಿಯಮ್ಮನ್ನು ಮುಟ್ಟಿಯೇ ಇಲ್ಲ. ಆ ಲೋಹ ಗಾಳಿಗೆ ತೆರೆದುಕೊಂಡ ಕ್ಷಣದಲ್ಲೇ ಆಮ್ಲಜನಕವನ್ನು ಹಿಡಿದು ಮೈಮೇಲೆ ತೆಳುವಾದ ಆಕ್ಸೈಡ್ ಹೊದ್ದುಬಿಡುತ್ತದೆ. ಗೀಚಿದರೆ ಮತ್ತೆ ಹೊದೆಯುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರು. ನ್ಯಾನೋಮೀಟರು ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ ಎಂದು ಪುಸ್ತಕ ಹೇಳುತ್ತದೆ, ಅದರಿಂದ ನನ್ನಂಥವನಿಗೆ ಏನೂ ತಿಳಿಯುವುದಿಲ್ಲ. ನಾನು ಕಂಡುಕೊಂಡ ಲೆಕ್ಕ ಬೇರೆ: ಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆಯುತ್ತದೆ, ಭಾಗಿಸಿ ನೋಡಿದರೆ ಹೆಚ್ಚುಕಮ್ಮಿ ಸೆಕೆಂಡಿಗೆ ಒಂದು ನ್ಯಾನೋಮೀಟರು. ಅಜ್ಜಿಯ ಗೂಟಕ್ಕೂ ಅಜ್ಜಿಗೂ ನಡುವೆ ಇದ್ದ ಹೊಸ್ತಿಲು ನೀವು ಒಂದು ಸಲ ಉಸಿರೆಳೆದು ಬಿಡುವಷ್ಟರಲ್ಲಿ ಉಗುರು ಬೆಳೆಯುವಷ್ಟು ದಪ್ಪ.

ಆ ಹೊಸ್ತಿಲಿನ ಮೇಲೆ ಏನು ನಡೆಯುತ್ತದೆ ಎನ್ನುವುದನ್ನು ಕಂಡವನು ಒಬ್ಬ ಕವಿ. ಉತ್ಪ್ರೇಕ್ಷೆಯಲ್ಲ, ಲಿಯೋ ವ್ರೊಮಾನ್ ಡಚ್ ಭಾಷೆಯ ದೊಡ್ಡ ಕವಿಗಳಲ್ಲೊಬ್ಬ, 1964ರಲ್ಲಿ ಅಲ್ಲಿನ ಪಿ. ಸಿ. ಹೋಫ್ಟ್ ಪ್ರಶಸ್ತಿ ಪಡೆದವನು. ಹೊಟ್ಟೆಪಾಡಿಗೆ ರಕ್ತದ ವಿಜ್ಞಾನಿ. 1940ರಲ್ಲಿ ಜರ್ಮನ್ನರು ಹಾಲೆಂಡಿಗೆ ನುಗ್ಗಿದಾಗ ತಪ್ಪಿಸಿಕೊಂಡು ಜಾವಾ ಸೇರಿದ; ಅಲ್ಲಿ ಜಪಾನಿಯರ ಸೆರೆಗೆ ಸಿಕ್ಕು ಯುದ್ಧ ಮುಗಿಯುವವರೆಗೆ ಶಿಬಿರಗಳಲ್ಲಿ ಕಳೆದ. ಊರಲ್ಲಿ ಬಿಟ್ಟುಬಂದ ನಿಶ್ಚಿತಾರ್ಥದ ಹುಡುಗಿಯನ್ನು ಮತ್ತೆ ನೋಡಿದ್ದು ಏಳು ವರ್ಷದ ಮೇಲೆ, 1947ರಲ್ಲಿ, ನ್ಯೂಯಾರ್ಕಿನಲ್ಲಿ. ಪರಸ್ಥಳದಲ್ಲಿ ಯಾರು ಯಾರನ್ನು ಹೇಗೆ ಬರಮಾಡಿಕೊಳ್ಳುತ್ತಾರೆ ಎಂಬುದು ಇಂಥವನ ಕಣ್ಣಿಗಲ್ಲದೆ ಇನ್ನಾರ ಕಣ್ಣಿಗೆ ಬೀಳಬೇಕು?

ಅವನು ಕಂಡದ್ದು ಇದು. ಹೊರಗಿನ ಯಾವ ವಸ್ತುವೇ ಆಗಲಿ, ರಕ್ತ ತಾಗಿದ ಸೆಕೆಂಡುಗಳಲ್ಲೇ ಅದರ ಮೇಲೆ ಪ್ರೋಟೀನುಗಳು ಮುತ್ತಿಕೊಳ್ಳುತ್ತವೆ. ಮೊದಲು ಬಂದು ಕೂರುವುದು ರಕ್ತದಲ್ಲಿ ಹೇರಳವಾಗಿರುವ, ಚುರುಕಾಗಿ ಓಡಾಡುವ ಆಲ್ಬುಮಿನ್‌ನಂಥವು. ಆಮೇಲೆ ನಿಧಾನಕ್ಕೆ ಬರುವ, ಆದರೆ ಗಟ್ಟಿಯಾಗಿ ಅಂಟುವ ಫೈಬ್ರಿನೊಜೆನ್ ಬಂದು ಮೊದಲಿನವನ್ನು ಎಬ್ಬಿಸಿ ಕೂರುತ್ತದೆ. ಅದನ್ನು ಎಬ್ಬಿಸಲು ಇನ್ನೊಂದು ಬರುತ್ತದೆ. ಮದುವೆ ಛತ್ರದಲ್ಲಿ ನೋಡಿರುತ್ತೀರಿ. ಬೇಗ ಬಂದವರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಬೀಗರು ಬಂದಾಗ ಎದ್ದು ಹಿಂದೆ ಹೋಗುತ್ತಾರೆ. ಸೋದರಮಾವ ಬಂದರೆ ಬೀಗರೂ ಸ್ವಲ್ಪ ಸರಿಯುತ್ತಾರೆ. ಈ ಕುರ್ಚಿ ಬದಲಾವಣೆಗೆ ವಿಜ್ಞಾನಿಗಳು ವ್ರೊಮಾನ್ ಪರಿಣಾಮ ಎಂದು ಹೆಸರಿಟ್ಟಿದ್ದಾರೆ.

ಜೀವಕೋಶಗಳು ಬರುವುದು ಈ ಗಲಾಟೆ ಒಂದು ಹದಕ್ಕೆ ಬಂದ ಮೇಲೆ. ಅವು ನೋಡುವುದು ಲೋಹವನ್ನಲ್ಲ, ಲೋಹದ ಮೇಲೆ ತಮ್ಮ ಮೈಯವೇ ಆದ ಪ್ರೋಟೀನುಗಳು ಹೇಗೆ ಕೂತಿವೆ, ಸರಿಯಾಗಿ ಕೂತಿವೆಯೋ ಸೊಟ್ಟಗೆ ಬಿದ್ದಿವೆಯೋ ಎನ್ನುವುದನ್ನು. ಸೊಟ್ಟಗಿದ್ದರೆ ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳು ತಿನ್ನಲು ನೋಡುತ್ತವೆ. ತಿನ್ನಲಾರದಷ್ಟು ದೊಡ್ಡದಿದ್ದರೆ ಒಂದಕ್ಕೊಂದು ಬೆಸೆದುಕೊಂಡು ದೈತ್ಯಕೋಶಗಳಾಗಿ ಮೇಲೆ ಕವುಚಿಕೊಳ್ಳುತ್ತವೆ. ಅದೂ ಆಗದಿದ್ದರೆ ಸುತ್ತ ನಾರಿನ ಬೇಲಿ ಹಾಕಿ, ನೀನು ಅಲ್ಲಿರು ನಾನು ಇಲ್ಲಿರುತ್ತೇನೆ ಎಂದುಬಿಡುತ್ತದೆ ಮೈ. ಎಷ್ಟೋ ವಸ್ತುಗಳ ಗತಿ ಇದೇ: ಒಳಗಿದ್ದೂ ಹೊರಗಿನವು. ಟೈಟೇನಿಯಮ್ಮಿನ ಆಕ್ಸೈಡ್ ಹೊದಿಕೆ ಮಾತ್ರ ಪ್ರೋಟೀನುಗಳನ್ನು ಅಷ್ಟಾಗಿ ಕೆಡಿಸದೆ ಕೂರಿಸಿಕೊಳ್ಳುತ್ತದೆ, ಮೈಯ ಉಪ್ಪುನೀರಿನಲ್ಲಿ ಕರಗದೆ ನಿಲ್ಲುತ್ತದೆ. ಮೂಳೆ ಕಟ್ಟುವ ಕೋಶಗಳು ಬಂದು ನೋಡಿ, ಇದು ನಮ್ಮ ಕಡೆಯವರೇ ಎಂದುಕೊಂಡು ಕೆಲಸ ಶುರುಮಾಡುತ್ತವೆ. ಅಜ್ಜಿಯ ಮೂಳೆ ಒಪ್ಪಿದ್ದು ಗೂಟವನ್ನಲ್ಲ. ಗೂಟಕ್ಕೆ ತಾನೇ ಹೊದಿಸಿದ ಶಾಲನ್ನು.

ಇಷ್ಟು ತಿಳಿದ ಮೇಲೆ ಗೂಟದ ಆ ತರಿತರಿ ಮೈಯ ಗುಟ್ಟೂ ಬಿಚ್ಚಿಕೊಂಡಿತು. ನಮ್ಮ ಮೂಳೆ ನಾವು ಅಂದುಕೊಂಡಂತೆ ಸುಣ್ಣದ ಕಂಬವಲ್ಲ. ಕೊಲಾಜೆನ್ ಎಂಬ ನಾರಿನ ಎಳೆಗಳ ನಡುವೆ, ಕೆಲವೇ ನ್ಯಾನೋಮೀಟರು ದಪ್ಪದ ಖನಿಜದ ಹಲಗೆಗಳನ್ನು ಒತ್ತೊತ್ತಾಗಿ ಜೋಡಿಸಿದ ನೇಯ್ಗೆ ಅದು. ನಾರಿಲ್ಲದಿದ್ದರೆ ಬಳಪದಂತೆ ಪುಡಿಯಾಗುತ್ತಿತ್ತು. ಸ್ಮಶಾನದಲ್ಲಿ ನಾನು ಕೈಯಲ್ಲಿ ಹಿಡಿದದ್ದು ನಾರು ಸುಟ್ಟುಹೋದ ಆ ಖನಿಜವನ್ನೇ. ಖನಿಜವಿಲ್ಲದಿದ್ದರೆ ರಬ್ಬರಿನಂತೆ ಬಾಗುತ್ತಿತ್ತು. ಇದನ್ನು ದೇಹ ಒಂದು ಸಲ ಕಟ್ಟಿ ಕೈತೊಳೆದುಕೊಳ್ಳುವುದೂ ಇಲ್ಲ. ಒಂದು ಕಡೆ ಕೆಡವುತ್ತ, ಇನ್ನೊಂದು ಕಡೆ ಕಟ್ಟುತ್ತ, ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಹೊಸದು ಮಾಡಿಕೊಳ್ಳುತ್ತಲೇ ಇರುತ್ತದೆ. ನ್ಯಾನೋ ಅಳತೆಯಲ್ಲಿ ಕೆಲಸ ಮಾಡುವ ಗಾರೆಯವನಿಗೆ ನುಣುಪು ಗೋಡೆ ಕೊಟ್ಟರೆ ಹಿಡಿತ ಸಿಗುವುದಿಲ್ಲ. ಅದಕ್ಕೇ ಈಗಿನವರು ಇಂಪ್ಲಾಂಟಿನ ಮೈಯನ್ನು ತರಿಯಾಗಿಸುತ್ತಾರೆ, ಅದರ ಮೇಲೆ ಮೂಳೆಯದೇ ಖನಿಜವಾದ ಹೈಡ್ರಾಕ್ಸಿಅಪಟೈಟಿನ ಲೇಪ ಕೊಡುತ್ತಾರೆ. ಗಾರೆ ಮೆತ್ತುವ ಮುಂಚೆ ಗೋಡೆಗೆ ಕಚ್ಚು ಹಾಕುವುದು ನಮ್ಮೂರ ಗಾರೆಯವರಿಗೂ ಗೊತ್ತಿದ್ದ ವಿದ್ಯೆ.

ಅಮೆರಿಕದ ಲ್ಯಾರಿ ಹೆಂಚ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1967ರಲ್ಲಿ ಒಂದು ಸಮ್ಮೇಳನಕ್ಕೆ ಬಸ್ಸಿನಲ್ಲಿ ಹೋಗುವಾಗ ಪಕ್ಕದ ಸೀಟಿನಲ್ಲಿ ವಿಯೆಟ್ನಾಮಿನಿಂದ ಆಗತಾನೆ ಮರಳಿದ್ದ ಸೇನೆಯ ಕರ್ನಲ್ ಕೂತಿದ್ದ. ಹೆಂಚ್ ಗಾಜು, ಪಿಂಗಾಣಿಯ ಮನುಷ್ಯ. ಕೈಕಾಲು ಕತ್ತರಿಸುವುದನ್ನು ಕಂಡು ಬೇಸತ್ತಿದ್ದ ಕರ್ನಲ್ ಕೇಳಿದ್ದು, ಮೈ ಒಪ್ಪುವಂಥದ್ದೇನಾದರೂ ಮಾಡಬಲ್ಲಿರಾ ಎಂದು. ನನ್ನಜ್ಜಿಯ ಪ್ರಶ್ನೆಯೇ. ಎರಡು ವರ್ಷದಲ್ಲಿ ಹೆಂಚ್ ಒಂದು ಗಾಜು ಮಾಡಿದ: ನೂರಕ್ಕೆ ಮರಳಿನ ಸಿಲಿಕಾ 45 ಭಾಗ, ಉಳಿದದ್ದು ಸೋಡಿಯಂ, ಕ್ಯಾಲ್ಸಿಯಂ, ತುಸು ರಂಜಕ. ಇಲಿಯ ಮೂಳೆಯಲ್ಲಿ ಇಟ್ಟರೆ ಕೀಳಲು ಬರಲಿಲ್ಲ. ಅದರ ಚಮತ್ಕಾರ ಗಟ್ಟಿತನದಲ್ಲಿಲ್ಲ. ಅದು ಮೆಲ್ಲಗೆ ಕರಗುತ್ತದೆ. ಕರಗುತ್ತ ತನ್ನ ಮೈಮೇಲೆ ಮೂಳೆಯಂಥದ್ದೇ ಖನಿಜದ ಪೊರೆ ಕಟ್ಟಿಕೊಳ್ಳುತ್ತದೆ, ಮೂಳೆ ಆ ಪೊರೆಯನ್ನು ಹಿಡಿಯುತ್ತದೆ. ಕೋಟೆಯಂತೆ ನಿಂತ ವಸ್ತುವಿಗಿಂತ ಸ್ವಲ್ಪ ಕರಗಲು ಸಿದ್ಧವಾದ ವಸ್ತುವನ್ನು ಮೈ ಬೇಗ ನಂಬಿತು.

ಹುಳದ ಮನೆಯ ಮಾತು ಇಲ್ಲಿ ಬರಲೇಬೇಕು. ಪೊರೆ ಕಳಚುವ ನಾಲ್ಕನೇ ಜ್ವರ ಎದ್ದು, ಸೊಪ್ಪು ತಿಂದು ತಿಂದು ಹುಳ ಹಣ್ಣಾದಾಗ ಅಜ್ಜಿ ರಾತ್ರಿ ಮಲಗುತ್ತಿರಲಿಲ್ಲ. ಹಣ್ಣು ಹುಳ ಬೆಳಕಿಗೆ ಹಿಡಿದರೆ ಒಳಗೆಲ್ಲ ದ್ರಾಕ್ಷಿಯಂತೆ ತಿಳಿಯಾಗಿ ಕಾಣುತ್ತದೆ. ಅವನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ ಬಿಡಬೇಕು. ಬಿದಿರಿನ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಕಟ್ಟಿದ ಆ ಚಂದ್ರಿಕೆ ಇಲ್ಲದಿದ್ದರೆ ಹುಳಕ್ಕೆ ಗೂಡು ಕಟ್ಟಲು ಬಾರದು, ನೂಲನ್ನು ನೆಲದ ಮೇಲೆ ಚೆಲ್ಲಿ ಹಾಳುಮಾಡಿಬಿಡುತ್ತದೆ. ಕಾಲೂರಲು ಸರಿಯಾದ ಅಗಲದ ಸಂದು ಸಿಕ್ಕಿತೋ, ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಎರಡು ಮೂರು ದಿನದಲ್ಲಿ ಕಿಲೋಮೀಟರಿನಷ್ಟು ಉದ್ದದ ಎಳೆ ಸುತ್ತಿ ಒಳಗೆ ಮರೆಯಾಗುತ್ತದೆ.

ಅಂಗಾಂಶ ಬೆಳೆಸುವ ಪ್ರಯೋಗಾಲಯದವರು ಮಾಡುವುದು ಚಂದ್ರಿಕೆಯನ್ನೇ. ಅವರು ಅದಕ್ಕೆ ಸ್ಕ್ಯಾಫೋಲ್ಡ್ ಎನ್ನುತ್ತಾರೆ. ನಮ್ಮ ಜೀವಕೋಶವೂ ಹಣ್ಣು ಹುಳದ ಹಾಗೆ, ಕಾಲೂರಲು ಜಾಗ ಸಿಗದಿದ್ದರೆ ಏನೂ ಕಟ್ಟುವುದಿಲ್ಲ, ಬಹಳಷ್ಟು ಕೋಶಗಳು ಹಾಗೇ ಸಾಯುತ್ತವೆ. ಸಂದು ಎಷ್ಟಗಲ ಇರಬೇಕು, ಪಟ್ಟಿ ಎಷ್ಟು ಗಡುಸಾಗಿರಬೇಕು ಎನ್ನುವುದರ ಮೇಲೆ ಅದು ಮೂಳೆಯಾಗಬೇಕೋ ಮೃದ್ವಸ್ಥಿಯಾಗಬೇಕೋ ಎಂಬ ತೀರ್ಮಾನವೂ ಕೆಲವೊಮ್ಮೆ ನಿಂತಿರುತ್ತದೆ. ಇನ್ನೂ ಸೋಜಿಗವೆಂದರೆ ಆ ಚಂದ್ರಿಕೆಯನ್ನು ಅವರು ಮಾಡುತ್ತಿರುವ ವಸ್ತುಗಳಲ್ಲಿ ರೇಷ್ಮೆಯೂ ಒಂದು. ರೇಷ್ಮೆ ಎಳೆಯಲ್ಲಿ ಎರಡು ಪಾಲು: ಒಳಗೆ ಫೈಬ್ರೊಯಿನ್ ಎಂಬ ಗಟ್ಟಿ ತಂತು, ಹೊರಗೆ ಸೆರಿಸಿನ್ ಎಂಬ ಗೋಂದು. ಗೋಂದು ಉಳಿದ ರೇಷ್ಮೆಯ ಮೇಲೆ ಮೈ ಮುನಿಯುವುದುಂಟು. ಸೋಡಾ ನೀರಲ್ಲಿ ಕುದಿಸಿ ಗೋಂದು ಬಿಡಿಸಿದ ಎಳೆಯನ್ನು ಬಹುಮಟ್ಟಿಗೆ ಸುಮ್ಮನೆ ಸಹಿಸುತ್ತದೆ. ಸೀರೆ ನೇಯುವ ಮುಂಚೆ ಬಣ್ಣದವರೂ ಮಾಡುವುದು ಅದನ್ನೇ. ಆ ತಂತುವಿನ ಬಲ ಇರುವುದು ಅದರೊಳಗಿನ ಕೆಲವೇ ನ್ಯಾನೋಮೀಟರಿನ ಹರಳುಗಳಲ್ಲಿ. ಪ್ರಯೋಗಾಲಯದಲ್ಲಿ ಅದನ್ನು ಕರಗಿಸಿ, ಜಾಲರಿಯೋ ಸ್ಪಂಜೋ ಮಾಡಿ, ಕೋಶಗಳನ್ನು ಬಿಡುತ್ತಾರೆ. ಕೋಶಗಳು ತಮ್ಮದೇ ನಾರು ನೇಯ್ದುಕೊಂಡಂತೆ ರೇಷ್ಮೆ ತಿಂಗಳುಗಟ್ಟಲೆ ಮೆಲ್ಲಗೆ ಕರಗಿಹೋಗುತ್ತದೆ. ಅಜ್ಜಿಯ ಚಂದ್ರಿಕೆಯಾದರೋ ಗೂಡು ಬಿಡಿಸಿದ ಮೇಲೆ ಅಟ್ಟ ಸೇರುತ್ತಿತ್ತು, ಮುಂದಿನ ಬೆಳೆಗೆ ಕಾಯುತ್ತಿತ್ತು. ಇದು ಕೆಲಸ ಮುಗಿದ ಮೇಲೆ ಇಲ್ಲವೇ ಆಗುತ್ತದೆ.

ಸಣ್ಣದರ ಬಗ್ಗೆ ಒಂದು ಮಾತು. ಒಂದು ವಸ್ತುವನ್ನು ಒಡೆಯುತ್ತ ಹೋದಂತೆ ಅದರಲ್ಲಿ ಒಳಗು ಎಂಬುದು ಕಮ್ಮಿಯಾಗಿ ಹೊರಗೇ ಹೆಚ್ಚುತ್ತದೆ. ಅಚ್ಚುಬೆಲ್ಲ ಬಾಯಲ್ಲಿ ನಿಧಾನಕ್ಕೆ ಕರಗುತ್ತದೆ, ಪುಡಿಬೆಲ್ಲ ತಕ್ಷಣ. ಒಂದು ಸೆಂಟಿಮೀಟರಿನ ಘನವಾದ ತುಣುಕನ್ನು ಒಂದೊಂದು ನ್ಯಾನೋಮೀಟರಿನ ತುಣುಕುಗಳಾಗಿ ಕತ್ತರಿಸಲು ಸಾಧ್ಯವಾದರೆ ಅವುಗಳ ಹೊರಮೈಯೆಲ್ಲ ಸೇರಿ 6,000 ಚದರ ಮೀಟರು. ಕಾಗದದ ಮೇಲೆ ಲೆಕ್ಕ ಹಾಕಿ ಎಕರೆಗೆ ತಿರುಗಿಸಿದೆ, ಹೆಚ್ಚುಕಮ್ಮಿ ಒಂದೂವರೆ ಎಕರೆ ಬಂತು. ಅಜ್ಜಿಯ ಇಡೀ ತೋಟ ಒಂದು ಬೆಲ್ಲದ ಚೂರಿನೊಳಗೆ. ಮೈಯ ವ್ಯವಹಾರವೆಲ್ಲ ಮೇಲ್ಮೈಯಲ್ಲೇ ನಡೆಯುವುದಾದರೆ ನ್ಯಾನೋ ಕಣವೆಂದರೆ ಬರೀ ವ್ಯವಹಾರವೇ. ಗಾಯದ ಪಟ್ಟಿಯಲ್ಲಿ ಬೆಳ್ಳಿಯ ಕಣ ಸೇರಿಸಿದರೆ ಕ್ರಿಮಿ ಸಾಯುವುದೂ, ಮದ್ದು ಹೊತ್ತ ಕಣ ಕೋಶದೊಳಗೆ ನುಸುಳುವುದೂ ಇಷ್ಟು ಸಣ್ಣದಾಗಿರುವ ಕಾರಣಕ್ಕೇ. 1857ರಷ್ಟು ಹಿಂದೆ ಮೈಕೆಲ್ ಫ್ಯಾರಡೆ ಚಿನ್ನವನ್ನು ಅಷ್ಟು ಸಣ್ಣಗೆ ಮಾಡಿ ನೀರಲ್ಲಿ ತೇಲಿಸಿದಾಗ ಅದು ಹಳದಿಯಾಗಿರಲಿಲ್ಲ, ಮಾಣಿಕ್ಯದ ಕೆಂಪಾಗಿತ್ತು. ಅಷ್ಟು ಸಣ್ಣದಾದ ಮೇಲೆ ಚಿನ್ನಕ್ಕೂ ತಾನು ಚಿನ್ನವೆಂಬುದು ಮರೆತುಹೋಗುತ್ತದೆ.

ಪತ್ರಿಕೆಗಳಲ್ಲಿ ವಾರಕ್ಕೊಮ್ಮೆ ಬರುವ 'ನ್ಯಾನೋ ಚಮತ್ಕಾರ' ಸುದ್ದಿಗಳನ್ನು ಓದಿದಾಗ ನನಗೆ ತುಸು ಕಿರಿಕಿರಿಯಾಗುವುದೂ ಇಲ್ಲಿಯೇ. ಸಣ್ಣದೆಲ್ಲ ಒಳ್ಳೆಯದೆಂಬ ಧಾಟಿ ಅವುಗಳದ್ದು. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಸವೆದ ಸೊಂಟದ ಕೀಲಿಗೆ ಟೆಫ್ಲಾನ್ ಬಟ್ಟಲು ಹಾಕಿದ. ರೋಗಿಗಳು ಕೋಲು ಬಿಸಾಡಿ ನಡೆದರು. ಒಂದೆರಡು ವರ್ಷದಲ್ಲಿ ಬಟ್ಟಲು ಸವೆದು, ಉದುರಿದ ಪುಡಿಗೆ ಸುತ್ತಲಿನ ಮೈ ಕೆರಳಿ, ಮಾಡಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಬೇಕಾಯಿತು. ಇಡಿಯಾಗಿದ್ದಾಗ ಮೈ ತಳ್ಳದ ಟೆಫ್ಲಾನ್ ಪುಡಿಯಾದಾಗ ವೈರಿ. ಚಾರ್ನ್ಲಿ ಆ ಪುಡಿಯನ್ನು ತನ್ನ ತೊಡೆಗೇ ಚುಚ್ಚಿಕೊಂಡು ಪರೀಕ್ಷೆ ಮಾಡಿದ. ಆಮೇಲೆ 1962ರಲ್ಲಿ ಒಬ್ಬ ಮಾರಾಟಗಾರ ಅವನ ಕಾರ್ಯಾಗಾರಕ್ಕೆ ಹೊಸ ಪ್ಲಾಸ್ಟಿಕ್ ತಂದ. ಲ್ಯಾಂಕಶೈರಿನ ಮಗ್ಗಗಳ ಹಲ್ಲುಗಾಲಿಗೆ ಬಳಸುತ್ತಿದ್ದದ್ದು. ಚಾರ್ನ್ಲಿ ಅದನ್ನು ಮೂಸಿಯೂ ನೋಡಲಿಲ್ಲವಂತೆ. ಅವನ ಕೈಕೆಳಗಿನ ಮೆಕ್ಯಾನಿಕ್ ಮಾತ್ರ ಯಂತ್ರಕ್ಕೆ ಹಾಕಿ ವಾರಗಟ್ಟಲೆ ಉಜ್ಜಿದ, ಸವೆಯಲಿಲ್ಲ. ಮಗ್ಗದ ಆ ಪ್ಲಾಸ್ಟಿಕ್ಕೇ ಆ ವರ್ಷದ ನವೆಂಬರಿನಿಂದ ಮನುಷ್ಯರ ಸೊಂಟಕ್ಕೆ ಬಂತು. ಅದೂ ವರ್ಷಗಳ ಮೇಲೆ ಸವೆಯುತ್ತದೆ, ಅದರ ಕಣ ತಿಂದು ಅರಗಿಸಲಾರದ ಮ್ಯಾಕ್ರೊಫೇಜುಗಳು ಕೆರಳಿ ಸುತ್ತಲಿನ ಮೂಳೆಯನ್ನೇ ಕರಗಿಸುತ್ತವೆ. ಕೂರಿಸಿದ ಕೀಲುಗಳು ಸತ್ತ ಮೇಲೆ ಹೇಗಿರುತ್ತವೆಂದು ನೋಡಬೇಕೆಂದು ಚಾರ್ನ್ಲಿ ತನ್ನ ರೋಗಿಗಳ ಅನುಮತಿ ಕೇಳಿಕೊಳ್ಳುತ್ತಿದ್ದ. ನಮ್ಮ ಚಿಕ್ಕಪ್ಪನ ಅಂಗೈ ನೆನೆದಾಗೆಲ್ಲ ನನಗೆ ಅವನ ನೆನಪಾಗುತ್ತದೆ.

ಅದೇ ಜಾತಿಯ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಹೃದಯದ ಕವಾಟವಾಯಿತು. ಎಂ. ಎಸ್. ವಲಿಯತ್ತಾನ್ ಮತ್ತು ಜೊತೆಯವರ ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದನ್ನು 1990ರ ಡಿಸೆಂಬರ್ 6ರಂದು ಮೊದಲ ಸಲ ರೋಗಿಗೆ ಕೂರಿಸಿದರು. ದಿನಕ್ಕೆ ಸುಮಾರು ಲಕ್ಷ ಸಲ ತೆರೆದು ಮುಚ್ಚಬೇಕು, ರಾತ್ರಿ ಹಗಲೆನ್ನದೆ. ಮುಂದೆ ಒಂದು ಲಕ್ಷಕ್ಕೂ ಮಿಕ್ಕ ಎದೆಗಳಲ್ಲಿ ಅದು ಟಿಕ್ಕೆಂದಿದೆ. ವಲಿಯತ್ತಾನ್ ಆಮೇಲೆ ಮಣಿಪಾಲಕ್ಕೆ ಕುಲಪತಿಯಾಗಿ ಬಂದು ಅಲ್ಲೇ ನೆಲೆಸಿ, ಚರಕ ಸುಶ್ರುತರನ್ನು ಕೂತು ಓದಿ ಪುಸ್ತಕ ಬರೆದರು. 2024ರ ಜುಲೈನಲ್ಲಿ ಅಲ್ಲೇ ತೀರಿಕೊಂಡರು. ಇರುವೆಯಿಂದ ಕಚ್ಚಿಸಿ ಕರುಳಿನ ಗಾಯ ಮುಚ್ಚುವ ವಿಧಾನ ಹೇಳಿದ ಸುಶ್ರುತನನ್ನು, ಮೂರು ಸಲ ಸೋತು ಕವಾಟ ಮಾಡಿದ ಕೈ ತಿರುವಿ ಹಾಕುತ್ತಿತ್ತು ಎನ್ನುವುದು ನನಗೆ ಇಷ್ಟವಾದ ಚಿತ್ರ.

ಸೋಲನ್ನು ಒಪ್ಪದವರ ಕತೆಯೂ ಇದೆ. 2011ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್ಸ್ಕಾದಲ್ಲಿ ಪಾವೊಲೊ ಮಾಕಿಯಾರಿನಿ ಎಂಬ ಶಸ್ತ್ರವೈದ್ಯ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯದೇ ಕಾಂಡಕೋಶಗಳನ್ನು ಹಚ್ಚಿ ಕೂರಿಸಿದ. ಜಗತ್ತೆಲ್ಲ ಹೊಗಳಿತು. ಚಂದ್ರಿಕೆ ಇತ್ತು, ಹುಳ ಗೂಡು ಕಟ್ಟಲಿಲ್ಲ. ಕಟ್ಟಿದೆ ಎಂದು ಕಾಗದದಲ್ಲಿ ಬರೆದರು. ಅಲ್ಲಿ ಆ ನಾಳ ಪಡೆದ ಮೂವರೂ ತೀರಿಕೊಂಡರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನಿಗೆ ಎರಡೂವರೆ ವರ್ಷದ ಸೆರೆ ವಿಧಿಸಿತು. ಬೆರಗು ಎಂಬುದು ಕಾಯಲು ಬಲ್ಲವರ ಕೈಯಲ್ಲಿರಬೇಕಾದ ಸಾಮಾನು. ಹುಳ ಹಣ್ಣಾಗುವ ಮುಂಚೆ ಚಂದ್ರಿಕೆಗೆ ಬಿಟ್ಟರೆ ಏನಾಗುತ್ತದೆಂದು ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

ಅಜ್ಜಿಯ ಮೈಯಲ್ಲಿ ಇನ್ನೊಬ್ಬ ಹೊರಗಿನವನೂ ಇದ್ದ, ಬಲಗಣ್ಣಿನ ಮಸೂರ. ಪೊರೆ ತೆಗೆದು ಹಾಕಿದ್ದರು. ಅದರ ಹಿಂದೆಯೂ ಒಂದು ಒಪ್ಪಿಗೆಯ ಕತೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನಿಗಳ ಕಣ್ಣಿಗೆ ಸಿಡಿದು ಹೊಕ್ಕ ವಿಮಾನದ ಅಕ್ರಿಲಿಕ್ ಚೂರುಗಳನ್ನು ಕಣ್ಣು ತಳ್ಳಲಿಲ್ಲ ಎಂದು ಹೆರಾಲ್ಡ್ ರಿಡ್ಲಿ ಗಮನಿಸಿದ. ಅದೇ ವಸ್ತುವಿನಲ್ಲಿ ಮಸೂರ ಮಾಡಿಸಿ 1949ರಲ್ಲಿ ಲಂಡನ್ನಿನಲ್ಲಿ ಕೂರಿಸಿದ. ಅವನ ಓರಗೆಯ ದೊಡ್ಡವರು ವರ್ಷಾನುಗಟ್ಟಲೆ ಅವನನ್ನು ಜರೆದರು; ಕಣ್ಣು ಒಪ್ಪಿದ್ದನ್ನು ವೈದ್ಯರು ಒಪ್ಪಲು ದಶಕಗಳು ಹಿಡಿದವು. 1992ರಲ್ಲಿ ಮದುರೆಯ ಆರೋಲ್ಯಾಬ್ ಮಸೂರವನ್ನು ಅಗ್ಗವಾಗಿ ಮಾಡಲು ಶುರುಮಾಡಿದ ಮೇಲೆ ನಮ್ಮಂಥ ಊರಿನ ಅಜ್ಜಿಯರಿಗೂ ಅದು ದಕ್ಕುವ ದಾರಿಯಾಯಿತು. ಆ ಬಲಗಣ್ಣಲ್ಲೇ ಅವಳು ಹಣ್ಣು ಹುಳ ಆಯುತ್ತಿದ್ದದ್ದು. ಬೂದಿಯಲ್ಲಿ ನಾನು ಮಸೂರ ಹುಡುಕಿದೆ. ಸಿಗುವುದಿಲ್ಲವೆಂದು ಗೊತ್ತಿತ್ತು, ಅದು ಕಟ್ಟಿಗೆಯ ಬೆಂಕಿಗೆ ಮೊದಲೇ ಹೋಗಿರುತ್ತದೆ. ಗುಂಡಿಗೂ ಬಟ್ಟಲಿಗೂ ನಡುವೆ ಇದ್ದ ಪ್ಲಾಸ್ಟಿಕ್ಕೂ ಇರಲಿಲ್ಲ. ಟೈಟೇನಿಯಂ ಕರಗಲು 1,668 ಡಿಗ್ರಿ ಬೇಕು. ಚಿತೆ ಅಲ್ಲಿಗೆ ಮುಟ್ಟುವುದಿಲ್ಲ.

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗುವ ದಾರಿಯುದ್ದಕ್ಕೂ ಗೂಟ ನನ್ನ ತೊಡೆಯ ಮೇಲಿತ್ತು, ಪಂಚೆಯ ತುಂಡಿನಲ್ಲಿ ಸುತ್ತಿ. ನನಗೆ ಅದನ್ನು ಇಟ್ಟುಕೊಳ್ಳುವ ಆಸೆ. ಚಿಕ್ಕಪ್ಪನಿಗೆ ಮನೆಯೊಳಗೆ ತರಬಾರದೆಂಬ ಅಳುಕು. ಹೊಳೆಯ ದಡದಲ್ಲಿ ಅಯ್ಯನವರು ಮಡಕೆ ನೋಡಿ, ಬಟ್ಟೆ ಬಿಚ್ಚಿ ನೋಡಿ, ಸಲೀಸಾಗಿ ಹೇಳಿದರು. "ಕಬ್ಬಿಣ ಬಿಡ್ಬೇಡಿ, ಮೂಳೆ ಮಾತ್ರ ಬಿಡಿ. ಮೂಳೆ ಒಂದು ಚೂರೂ ಉಳಿಸ್ಕೋಬಾರ್ದು."

ಸರಿ ಎಂದು ಗೂಟವನ್ನು ಕಟ್ಟಲು ಹೋದಾಗ ಕಂಡಿತು. ತರಿತರಿಯಾದ ಭಾಗ ಬೆಂಕಿಗೆ ಬೂದುಬಣ್ಣಕ್ಕೆ ತಿರುಗಿತ್ತು. ಅದರ ಸಣ್ಣ ಗುಳಿಗಳಲ್ಲಿ ಬೆಳ್ಳಗೆ ಏನೋ ಕೂತಿತ್ತು. ಬೂದಿ ಇರಬೇಕೆಂದು ಊದಿದೆ. ಹೋಗಲಿಲ್ಲ. ಹೊಳೆಯ ನೀರಲ್ಲಿ ಅದ್ದಿ ಹೆಬ್ಬೆರಳಲ್ಲಿ ಉಜ್ಜಿದೆ. ಹೋಗಲಿಲ್ಲ. ಚಿಕ್ಕಪ್ಪ ಇಸಿದುಕೊಂಡು ಉಗುರಲ್ಲಿ ಕೆರೆದರು, ಆಮೇಲೆ ಬೀಗದ ಕೈಯ ತುದಿಯಿಂದ ಕೆರೆದರು. ಸ್ವಲ್ಪ ಪುಡಿ ಉದುರಿತು, ಉಳಿದದ್ದು ಕಚ್ಚಿಕೊಂಡೇ ಇತ್ತು.

ಅವರು ಬಹಳ ಹೊತ್ತು ಅದನ್ನೇ ನೋಡಿದರು. "ಅವ್ವ ಬುಡ್ತಾ ಇಲ್ಲ ಕಣ್ ಮಗ" ಅಂದರು.

ಅಯ್ಯನವರು ಇನ್ನೊಂದು ಮನೆಯವರ ಕೆಲಸಕ್ಕೆ ಆ ಕಡೆ ತಿರುಗಿದ್ದರು. ಚಿಕ್ಕಪ್ಪ ಗೂಟವನ್ನು ಮಡಕೆಯೊಳಗೆ ಮೂಳೆಗಳ ನಡುವೆ ನೆಟ್ಟಗೆ ಇಟ್ಟು, ಬಟ್ಟಲನ್ನೂ ಇಟ್ಟು, ಮೇಲೆ ಒಂದು ಹಿಡಿ ಹೂ ಹಾಕಿ ಬಾಯಿ ಕಟ್ಟಿದರು. ಸೊಂಟದ ಮಟ್ಟದ ನೀರಿಗೆ ಇಳಿದೆವು. ಬೇರೆಯವರ ಮಡಕೆಗಳು ಸ್ವಲ್ಪ ದೂರ ತೇಲಿ, ವಾಲಿ, ನೀರು ಕುಡಿದು ಮುಳುಗುತ್ತಿದ್ದವು. ನಮ್ಮದು ಕೈ ಬಿಟ್ಟ ಕೂಡಲೇ ಇಳಿಯಿತು.